ಸೀಮೆ ದಾಟಿದ ಹಂದಿ: ಕನ್ನಡ ಪರಂಪರೆಯಲ್ಲಿ ಬೇಟೆಯ ಓಟ ಮತ್ತು ಆತಕೂರಿನ ಕಾಳಿ

ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಾಲಯದಲ್ಲಿ ವರ್ಷಕ್ಕೆ ಎರಡು ಬಾರಿ, ಅಲ್ಪಶಿ ಮತ್ತು ಪೈಂಗುನಿ ಉತ್ಸವಗಳ ಒಂಬತ್ತನೆಯ ದಿನ, ‘ಪಳ್ಳಿವೇಟ್ಟ’ ಎಂಬ ವಿಧಿ ನಡೆಯುತ್ತದೆ. ದೇವರು ಬೇಟೆಗೆ ಹೊರಡುತ್ತಾನೆ. ಮೆರವಣಿಗೆ ವಾದ್ಯಘೋಷವಿಲ್ಲದೆ ಮೌನವಾಗಿ ಸಾಗುತ್ತದೆ. ಗೊತ್ತಾದ ಸ್ಥಳದಲ್ಲಿ ತಿರುವಿದಾಂಕೂರು ರಾಜಮನೆತನದ ಹಿರಿಯರು ಒಂದು ಎಳನೀರುಕಾಯಿಗೆ ಬಾಣ ಬಿಡುತ್ತಾರೆ. ಹಿಂದಿರುಗುವಾಗ ಶಂಖವಾದ್ಯಗಳು ಮೊಳಗುತ್ತವೆ. ಹೋಗುವಾಗಿನ ಆ ಮೌನವನ್ನು ವಿಶೇಷವಾಗಿ ಗಮನಿಸಬೇಕು. ಮೃಗವು ಎಚ್ಚರಗೊಳ್ಳಬಾರದೆಂಬ ಬೇಟೆಗಾರನ ಎಚ್ಚರಿಕೆ ವಿಧಿಯೊಳಗೆ ಹಾಗೆಯೇ ಉಳಿದುಕೊಂಡಿದೆ. ಆದರೆ ಮೃಗದ ಸ್ಥಾನದಲ್ಲಿ ಕಾಯಿ ಬಂದಿದೆ. ನಾಯಿಗೆ ಸ್ಥಾನವೇ ಇಲ್ಲ.

ಕೊಚ್ಚಿಯಲ್ಲಿಯೂ ಇದಕ್ಕೆ ಸಮೀಪದ ಒಂದು ನಿದರ್ಶನವಿದೆ. ಎರ್ನಾಕುಲಂ ಶಿವದೇವಾಲಯದ ಸ್ಥಳಪುರಾಣವು ಕಿರಾತಾರ್ಜುನ ಪ್ರಸಂಗಕ್ಕೆ ಹೆಣೆದುಕೊಂಡಿದೆ. ಅರ್ಜುನನು ಮಣ್ಣಿನಿಂದ ಮಾಡಿ ಪೂಜಿಸಿದ ಲಿಂಗವೇ ಅಲ್ಲಿನ ಮೂಲವೆಂಬುದು ಐತಿಹ್ಯ. ಇರಟ್ಟಕುಳಙರ ರಾಮವಾರಿಯರ್ ರಚಿಸಿದ ‘ಕಿರಾತಂ’ ಆಟ್ಟಕ್ಕಥೆಯನ್ನು ಕೇರಳದ ದೇವಾಲಯಗಳ ಅಂಗಳಗಳಲ್ಲಿ ಇಂದಿಗೂ ಭಕ್ತಿಯಿಂದ ಆಡಿಸುತ್ತಾರೆ. ಮೂಕಾಸುರನು ಹಂದಿಯ ರೂಪದಿಂದ ಬರುತ್ತಾನೆ, ಎರಡು ಬಾಣಗಳು ತಾಗುತ್ತವೆ, ಹಂದಿ ಬೀಳುತ್ತದೆ. ಅನಂತರ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಕಥೆ ಕಿರಾತನೊಡನೆ ಅರ್ಜುನನ ಕಾಳಗಕ್ಕೆ, ಅಲ್ಲಿಂದ ಪಾಶುಪತಾಸ್ತ್ರಕ್ಕೆ ಸಾಗಿಬಿಡುತ್ತದೆ.

ಕನ್ನಡದ ಅಭ್ಯಾಸಿಗಳಾದ ನಾವು ಕೇರಳದ ಈ ಎರಡು ನಗರಗಳಿಂದ ಮಾತನ್ನು ಆರಂಭಿಸುವುದಕ್ಕೆ ಕಾರಣವಿದೆ. ಪದ್ಮನಾಭಸ್ವಾಮಿಗೆ ಮೂಲಸ್ಥಾನವೆಂದು ಭಾವಿಸಲಾದ ಅನಂತಪುರದ ಸರೋವರ ದೇವಾಲಯವು ಕಾಸರಗೋಡು ಜಿಲ್ಲೆಯ ಕುಂಬಳೆಯ ಬಳಿ ಇದೆ. ತಿರುವನಂತಪುರದ ದೇವಾಲಯದ ನಂಬಿಯರನ್ನು ಚಂದ್ರಗಿರಿ ಹೊಳೆಯ ಆಚೆ ಈಚೆಯ ಊರುಗಳಿಂದ, ಎಂದರೆ ‘ಅಕ್ಕರೆ’ ‘ಇಕ್ಕರೆ’ ದೇಶಗಳ ಮನೆತನಗಳಿಂದ, ಆರಿಸುವುದು ಸಂಪ್ರದಾಯ. ಬೇಟೆಯ ವಿಧಿ ದಕ್ಷಿಣದಲ್ಲಿದ್ದರೂ ಅದನ್ನು ನಡೆಸುವ ಕೈಗಳಲ್ಲಿ ಕೆಲವು ತುಳು-ಕನ್ನಡ ನೆಲದವು. ಆ ನೆಲದ ಸಾಹಿತ್ಯ ಮತ್ತು ಶಾಸನಗಳಲ್ಲಿ ಹಂದಿಯ ಬೇಟೆ, ಅದರಲ್ಲಿಯೂ ನಾಯಿಗಳನ್ನು ಬಿಟ್ಟು ಬೆನ್ನಟ್ಟುವ ದೀರ್ಘವೂ ಕಷ್ಟಸಾಧ್ಯವೂ ಆದ ಓಟ, ಯಾವ ಅರ್ಥವನ್ನು ಪಡೆದಿದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ಅಲಂಕಾರಶಾಸ್ತ್ರದ ಮಾತನ್ನು ಮೊದಲಿಗೆ ಮುಗಿಸಬಹುದು. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳ ಪಟ್ಟಿಯಲ್ಲಿ ಮೃಗಯೆ ಇಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಅದನ್ನು ಸೇರಿಸುತ್ತಾನೆ. ಕನ್ನಡದ ಕವಿಗಳು ವಿಶ್ವನಾಥನಿಗಾಗಿ ಕಾಯಲಿಲ್ಲ. 941ರ ಪಂಪನಿಂದಲೇ ಬೇಟೆಯ ವರ್ಣನೆ ನಮ್ಮಲ್ಲಿ ಮೊದಲಾಗುತ್ತದೆ. ಹಾಗಿದ್ದೂ ನಮ್ಮ ವಿಮರ್ಶೆ ಈ ಭಾಗಗಳನ್ನು ‘ಅಷ್ಟಾದಶ ವರ್ಣನೆಗಳ ಮಾದರಿಯವು’ ಎಂದು ಒಂದೇ ವಾಕ್ಯದಲ್ಲಿ ತೀರಿಸಿಬಿಡುವುದು ರೂಢಿಯಾಗಿದೆ. ಪಟ್ಟಿಯಲ್ಲೇ ಇಲ್ಲದ ವಸ್ತುವನ್ನು ಪಟ್ಟಿಯ ಒತ್ತಾಯವೆಂದು ವಿವರಿಸುವುದು ಸರಿಯಾದ ವಿಮರ್ಶಾಕ್ರಮವಾಗಲಾರದು. ಕವಿಗಳು ಅದನ್ನು ಬಯಸಿ ತಂದರು. ಏಕೆ ಬಯಸಿದರು ಎಂದು ಕೇಳಬೇಕು.

ಇದಕ್ಕೆ ಉತ್ತರ ದೊರೆಯಬೇಕಾದರೆ ಬೇಟೆಯ ವಾಸ್ತವವನ್ನು ಸ್ವಲ್ಪ ತಿಳಿದಿರಬೇಕು. ಜಿಂಕೆಯ ಬೇಟೆಗೂ ಹಂದಿಯ ಬೇಟೆಗೂ ಅಂತರವಿದೆ. ಜಿಂಕೆ ಓಡುತ್ತದೆ, ದೂರವಾಗುತ್ತದೆ. ಅಲ್ಲಿಗೆ ಅದು ಮುಗಿಯಿತು. ಹಂದಿ ಓಡುತ್ತದೆ, ನಿಲ್ಲುತ್ತದೆ, ತಿರುಗಿ ಬೀಳುತ್ತದೆ, ಮತ್ತೆ ಓಡುತ್ತದೆ. ಹಳುವಿನ ಒಳಗೆ ಮನುಷ್ಯನು ಬಾಗಿ ನುಗ್ಗಲೂ ಆಗದ ಸುರಂಗದಂತಹ ಹಾದಿಗಳು ಅದಕ್ಕೆ ಪರಿಚಿತ. ಹಿಂಡನ್ನು ಬಿಟ್ಟು ತಿರುಗುವ ಗಂಡುಹಂದಿಯನ್ನು ಮಲೆನಾಡಿನವರು ‘ಒಂಟಿಗ’ ಎನ್ನುತ್ತಾರೆ. ಅದು ಹಿಂಭಾಗವನ್ನು ಬಂಡೆಗೋ ಮೆಳೆಗೋ ಕೊಟ್ಟು ನಿಂತಿತೆಂದರೆ ಮುಂದೆ ಬಂದ ನಾಯಿಯ ಹೊಟ್ಟೆಗೆ ಅದರ ದಾಡೆ ನಾಟುವುದು ಕ್ಷಣದ ಮಾತು. ನಾಯಿಯ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸುವುದು, ಬೇಟೆಗಾರ ಬಂದು ಮುಟ್ಟುವವರೆಗೆ ಬೊಗಳುತ್ತ ಸುತ್ತುವುದು. ಆದ್ದರಿಂದ ಈ ಬೇಟೆಯಲ್ಲಿ ಬೇಟೆಗಾರನು ಬಹುಪಾಲು ಸಮಯ ಏನನ್ನೂ ಕಾಣುವುದಿಲ್ಲ, ಕೇಳುತ್ತಾನೆ. ಗುಡ್ಡದ ಆಚೆಯ ಬೊಗಳುವಿಕೆ ಓಟದ್ದೋ ತಡೆದದ್ದೋ ಗಾಯದ್ದೋ ಎಂದು ಕಿವಿಯಿಂದಲೇ ತಿಳಿಯುತ್ತಾನೆ. ಹೀಗೆ ಕಿವಿಯ ಹಿಂದೆ ಕಾಲು ನಡೆಯುವಾಗ ತಾನು ಯಾರ ನೆಲದಲ್ಲಿದ್ದೇನೆ ಎಂಬ ಅರಿವು ಅವನಿಗಿರುವುದಿಲ್ಲ. ನಮ್ಮ ವಿವೇಚನೆಗೆ ಮುಖ್ಯವಾದುದು ಈ ಕೊನೆಯ ಸಂಗತಿ.

ಹಂದಿ ಸೀಮೆಯನ್ನು ಅರಿಯದು. ಕಾಡಿನಿಂದ ಗದ್ದೆಗೆ ಬರುವುದು ಅದರ ದಿನಚರಿ. ಅದರ ಬೆನ್ನುಹತ್ತಿದವನು ಅದು ದಾಟಿದ ಗಡಿಗಳನ್ನೆಲ್ಲ ದಾಟಬೇಕಾಗುತ್ತದೆ. ನಮ್ಮ ಕಾವ್ಯಗಳಲ್ಲಿ ಹಂದಿಬೇಟೆ ಬಂದಲ್ಲೆಲ್ಲ ಒಬ್ಬನು ಹೋಗಬಾರದ, ಅಥವಾ ಹೋಗುವೆನೆಂದು ಎಣಿಸದ ಜಾಗಕ್ಕೆ ಹೋಗಿ ಮುಟ್ಟುತ್ತಾನೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಇದಕ್ಕೆ ಉತ್ತಮ ನಿದರ್ಶನ. ವಿಶ್ವಾಮಿತ್ರನ ಆಶ್ರಮದತ್ತ ಸುಳಿಯಬೇಡವೆಂಬ ಗುರುವಿನ ಎಚ್ಚರಿಕೆ ಅರಸನಿಗೆ ಇದೆ. ಅರಸನೂ ಅದನ್ನು ಮೀರುವ ಇಚ್ಛೆಯುಳ್ಳವನಲ್ಲ. ಅವನನ್ನು ಅಲ್ಲಿಗೆ ಕರೆದೊಯ್ಯುವುದು ವಿಶ್ವಾಮಿತ್ರನು ಕಳುಹಿದ ಮಾಯೆಯ ಹಂದಿ. ಬೇರೆ ಯಾವ ಮೃಗವನ್ನು ಕಳುಹಿದ್ದರೂ ಈ ಕಾರ್ಯ ಸಾಧ್ಯವಾಗುತ್ತಿರಲಿಲ್ಲ ಎಂದು ನಮಗೆ ತೋರುತ್ತದೆ. ಹುಲಿಯನ್ನು ಕಳುಹಿದ್ದರೆ ಅರಸನು ಅಲ್ಲಿಯೇ ನಿಂತು ಹೋರಾಡುತ್ತಿದ್ದನು. ಜಿಂಕೆಯನ್ನು ಕಳುಹಿದ್ದರೆ, ಅದು ರಾಮಾಯಣದ ಹಾದಿಯಾಗುತ್ತಿತ್ತು. ಹಂದಿ ಮಾತ್ರ ಕೆಣಕುತ್ತದೆ, ಗಾಯಗೊಳಿಸುತ್ತದೆ, ಸಿಕ್ಕಿತೆನಿಸುತ್ತದೆ, ಜಾರುತ್ತದೆ. ಆಯಾಸ, ಸಿಟ್ಟು, ಹಟ ಇವು ಒಂದರ ಮೇಲೊಂದು ಏರುತ್ತ ಎಚ್ಚರಿಕೆಯನ್ನು ಮರೆಸುತ್ತವೆ. ಸತ್ಯವಂತನಾದ ಅರಸನು ತಪ್ಪು ಮಾಡದೆಯೇ ತಪ್ಪಿನ ನೆಲದ ಮೇಲೆ ನಿಲ್ಲುವಂತೆ ಮಾಡಲು ರಾಘವಾಂಕನಿಗೆ ದೀರ್ಘವಾದ ಓಟವೇ ಬೇಕಾಗಿತ್ತು. ಈ ಭಾಗವನ್ನು ಕಥೆಗೆ ಅಡ್ಡಬಂದ ವರ್ಣನೆಯೆಂದು ಪಠ್ಯಗಳಲ್ಲಿ ಸಂಗ್ರಹಿಸುವಾಗ ಕತ್ತರಿಸುವವರು ಕಾವ್ಯದ ಕೀಲನ್ನೇ ತೆಗೆದುಹಾಕುತ್ತಾರೆ.

ಶೈವ ಪುರಾಣಪರಂಪರೆಯಲ್ಲಿ ಇದೇ ಓಟ ಬೇರೆ ಗತಿಯನ್ನು ಪಡೆಯುತ್ತದೆ. ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ‘ಪೆರಿಯ ಪುರಾಣ’ದಲ್ಲಿ ತಿಣ್ಣನು ಮೊದಲ ಬೇಟೆಗೆ ಹೊರಟ ದಿನ ಒಂದು ಹಂದಿ ಬಲೆಯನ್ನು ತಪ್ಪಿಸಿಕೊಂಡು ಓಡುತ್ತದೆ. ಅಷ್ಟು ಜನ ಬೇಟೆಗಾರರಲ್ಲಿ ಅದರ ಹಿಂದೆ ಕೊನೆಯವರೆಗೆ ಓಡಬಲ್ಲವರು ತಿಣ್ಣ, ನಾಣ, ಕಾಡ ಈ ಮೂವರೇ. ಹಂದಿ ಸಾಯುವ ಹೊತ್ತಿಗೆ ಅವರು ತಮ್ಮವರಿಂದ ಬಹುದೂರ ಬಂದಿರುತ್ತಾರೆ; ಹಸಿವು, ನೀರಡಿಕೆ; ನೀರನ್ನು ಹುಡುಕುತ್ತ ಹೋದರೆ ಎದುರಿಗೆ ಕಾಳಹಸ್ತಿಯ ಬೆಟ್ಟ. ಹರಿಹರನು ಕನ್ನಡದಲ್ಲಿ ಹಾಡಿದ ಕಣ್ಣಪ್ಪನೂ ಈ ತಿಣ್ಣನೇ. ಭಕ್ತಿಯ ವಿವೇಚಕರು ಕಣ್ಣನ್ನು ಕಿತ್ತುಕೊಟ್ಟ ಕ್ಷಣವನ್ನು ಮಾತ್ರ ನೋಡುತ್ತಾರೆ. ಅಲ್ಲಿಗೆ ಅವನನ್ನು ತಂದದ್ದು ಉಪದೇಶವಾಗಲಿ ತೀರ್ಥಯಾತ್ರೆಯ ಸಂಕಲ್ಪವಾಗಲಿ ಆಗಿರದೆ ಉಸಿರು ಕಟ್ಟುವಷ್ಟು ಓಡಿಸಿದ ಒಂದು ಹಂದಿ ಎಂಬುದನ್ನು ಮರೆಯುತ್ತಾರೆ.

ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನದಲ್ಲಿ ಈ ಸೀಮೆಯ ಪ್ರಶ್ನೆ ಯಾವ ಮರೆಯೂ ಇಲ್ಲದೆ ಬರುತ್ತದೆ. ಎಣ್ಮೂರು ಮತ್ತು ಪಂಜ ನೆರೆಯ ಸೀಮೆಗಳು. ಬೇಟೆಯಲ್ಲಿ ಬಿದ್ದ ಹಂದಿ ಯಾರದೆಂಬ ಜಗಳ ಬೆಳೆದು ಯುದ್ಧವಾಗಿ, ಅವಳಿ ವೀರರ ಅಂತ್ಯಕ್ಕೆ ಕಾರಣವಾಗುತ್ತದೆ. ಕಿರಾತಾರ್ಜುನದಲ್ಲಿಯೂ ಜಗಳ ಇದೇ: ಮೊದಲು ತಾಗಿದ ಬಾಣ ಯಾರದು, ಹಂದಿ ಯಾರದು? ಭಾರವಿಯಿಂದ ಪಂಪ, ಕುಮಾರವ್ಯಾಸರವರೆಗೆ ದೇವರ ಲೀಲೆಯೆಂದು ಕಂಡ ಈ ವ್ಯಾಜ್ಯ ಮೂಲತಃ ಬೇಟೆಗಾರರ ನಿತ್ಯದ ವ್ಯಾಜ್ಯ. ಮೊದಲ ಗಾಯ ಮಾಡಿದವನಿಗೆ, ನಾಯಿಯ ಒಡೆಯನಿಗೆ, ಸೋವಿನವರಿಗೆ ಎಂದು ಪಾಲನ್ನು ಗೊತ್ತುಮಾಡುವ ಕಟ್ಟಳೆಗಳು ಬೇಟೆಯ ಊರುಗಳಲ್ಲಿ ಬೆಳೆದದ್ದು ಇದನ್ನು ತಡೆಯುವುದಕ್ಕಾಗಿಯೇ. ಪುರಾಣಕಾರನು ಕಾಡಿನವರ ನ್ಯಾಯವನ್ನು ಬಲ್ಲವನಾಗಿದ್ದನು. ವ್ಯಾಖ್ಯಾನಕಾರರು ಮಾತ್ರ ಅದನ್ನು ಮರೆತರು.

ಇಷ್ಟೆಲ್ಲದರಲ್ಲಿಯೂ ನಾಯಿ ಎಲ್ಲಿದೆ? ಕಾವ್ಯದ ಬೇಟೆಯ ಸನ್ನಾಹದಲ್ಲಿ ನಾಯಿಗಳು ಹಿಂಡಾಗಿ ಬರುತ್ತವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಸಾರಮೇಯವಿನೋದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟು ನಾಯಿಗಳ ಲಕ್ಷಣವನ್ನು ಹೇಳುತ್ತಾನೆ. ಅದು ಅರಸನ ವಿನೋದದ ದೃಷ್ಟಿ. ಅಲ್ಲಿ ನಾಯಿಗೆ ಜಾತಿ ಇದೆ, ಗುಣವಿದೆ, ಮರಣವಿಲ್ಲ. ಓಟ ಮುಗಿದ ಮೇಲೆ ಕವಿಗಳು ನಾಯಿಯನ್ನು ಕೇಳುವುದಿಲ್ಲ. ಕೇಳಿದ್ದು ಒಂದು ಕಲ್ಲು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಅರಿಯದ ಚರಿತ್ರೆಯ ವಿದ್ಯಾರ್ಥಿ ಇರಲಾರನು. ಶಕ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ನಡೆಸಿದ ಯುದ್ಧ, ಗಂಗ ಬೂತುಗನ ಕೈಯಲ್ಲಿ ರಾಜಾದಿತ್ಯನ ಮರಣ, ಬೂತುಗನಿಗೆ ದೊರೆತ ಬನವಾಸಿ ಮೊದಲಾದ ನಾಡುಗಳು ಇದರಿಂದ ತಿಳಿದುಬರುತ್ತವೆ. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಇದನ್ನು ಸಂಪಾದಿಸಿದಂದಿನಿಂದ ವಿದ್ವಾಂಸರ ಚರ್ಚೆಯೆಲ್ಲ ಈ ರಾಜಕೀಯ ಸಂಗತಿಗಳ ಸುತ್ತ ನಡೆದಿದೆ. ಕಲ್ಲನ್ನು ನೆಟ್ಟವರಿಗೆ ಇವೆಲ್ಲ ಪೀಠಿಕೆಯಾಗಿದ್ದವು. ಕಲ್ಲು ನಿಂತದ್ದು ನಾಯಿಗಾಗಿ.

ಯುದ್ಧದಲ್ಲಿ ಬೂತುಗನ ಸೇವಕನಾದ ಮಣಲೆರನು ಮೆರೆದ ಶೌರ್ಯಕ್ಕೆ ಮೆಚ್ಚಿ ಒಡೆಯನು ಬೇಡಿಕೊಳ್ಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ದೊಡ್ಡ ಹಂದಿಗೆ ಆ ನಾಯಿಯನ್ನು ಬಿಡಲಾಯಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನಲ್ಲಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಗದ್ದೆಯನ್ನು ಬಿಡಲಾಯಿತು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗದ ಶಿಲ್ಪವಿದೆ. ಅರಸರ ಚಿತ್ರ ಅದರಲ್ಲಿಲ್ಲ. ರಾಜಾದಿತ್ಯನ ವಧೆಯನ್ನು ದಾಖಲಿಸುವ ಕಲ್ಲಿನ ಮೇಲೆ ಶಿಲ್ಪಿಗೆ ಯೋಗ್ಯವೆಂದು ಕಂಡದ್ದು ಎರಡು ಪ್ರಾಣಿಗಳು ಮಾತ್ರ.

ಶಾಸನವು ಓಟವನ್ನು ವರ್ಣಿಸುವುದಿಲ್ಲ. ಎಷ್ಟು ದೂರ, ಎಷ್ಟು ಹೊತ್ತು ಎಂಬುದಿಲ್ಲ. ಆದರೆ ಸ್ಥಳವನ್ನು ಬಿಡದೆ ಹೇಳುತ್ತದೆ: ನಾಡು, ಊರು, ದಿಕ್ಕು, ಮೊರಡಿ. ಸಾವು ಬೆಳತೂರಿನಲ್ಲಿ, ಕಲ್ಲು ಆತಕೂರಿನಲ್ಲಿ. ಕಾವ್ಯವು ಓಟವನ್ನು ಹಿಗ್ಗಿಸಿ ನಾಯಿಯನ್ನು ಮರೆತರೆ, ಶಾಸನವು ಓಟವನ್ನು ಬಿಟ್ಟು ನಾಯಿಯ ಹೆಸರನ್ನು ಉಳಿಸಿಕೊಂಡಿತು. ತಮಿಳುನಾಡಿನ ತಿರುವಣ್ಣಾಮಲೈ ಪ್ರದೇಶದ ಎಡತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದು ಕೋವಿವನ್ ಎಂಬ ನಾಯಿಯನ್ನು ಸ್ಮರಿಸುತ್ತದೆ. ಅಲ್ಲಿ ನಾಯಿ ಒಡೆಯನ ಪಕ್ಕದಲ್ಲಿ ಕಳ್ಳರ ಎದುರು ನಿಂತದ್ದು. ವೀರಗಲ್ಲು ಮುಖ್ಯವಾಗಿ ಮನುಷ್ಯನದು. ಕಾಳಿಯ ಕಲ್ಲಿನಲ್ಲಿ ಅಂತಹ ಆಸರೆಯೂ ಇಲ್ಲ.

ಶಾಪಾಶಯದ ಭಾಗವನ್ನು ವಿಶೇಷವಾಗಿ ವಿವೇಚಿಸಬೇಕು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂಬುದು ಅದರ ತಾತ್ಪರ್ಯ. ಸಾಮಾನ್ಯ ಶಾಸನಗಳ ಶಾಪ ನಮಗೆ ಪರಿಚಿತ: ಕವಿಲೆಯನ್ನು ಕೊಂದ ಪಾಪ, ವಾರಣಾಸಿಯನ್ನು ಅಳಿದ ಪಾಪ. ಇಲ್ಲಿ ನಾಯಿಯ ಪಾಪ. ಇದನ್ನು ವಿಚಿತ್ರವೆಂದು ಗುರುತಿಸಿ ಮುಂದೆ ಹೋಗುವುದು ವಾಡಿಕೆ. ನಮ್ಮ ಅಭಿಪ್ರಾಯ ಬೇರೆ. ಮೂರು ಜೀವಗಳ ವ್ಯವಹಾರ ಇಲ್ಲಿದೆ. ಬಿಟ್ಟವನು ಮನುಷ್ಯ, ಕೊಂದದ್ದು ನಾಯಿ, ಸತ್ತದ್ದು ಹಂದಿ ಮತ್ತು ನಾಯಿ. ಕೊಲೆಯ ದೋಷ ಬಿಟ್ಟವನಿಗೆ ಅಂಟಬೇಕಾಗಿತ್ತು. ಅದು ನಾಯಿಯ ಹೆಸರಿನಲ್ಲಿ ಉಳಿದುಕೊಂಡಿದೆ, ಮತ್ತು ಆ ನಾಯಿ ಪ್ರಾಣವನ್ನು ತೆತ್ತಿದೆ. ಪೂಜೆಯ ಕಟ್ಟಳೆ ಈ ಸಾಲವನ್ನು ಪ್ರತಿದಿನ ಊಟಕ್ಕೆ ಮುಂಚೆ ನೆನಪಿಸುತ್ತದೆ. ಮರೆತು ಉಂಡವನು ನಾಯಿಯ ಪಾಲನ್ನು ತಾನು ಉಂಡಂತೆ. ಆದ್ದರಿಂದ ಅದರ ಪಾಪದ ಪಾಲೂ ಅವನದೇ. ಬೇಟೆಯಲ್ಲಿ ನಾಯಿಗೆ ಪಾಲು ಕೊಡದವನ ಮೇಲೆ ಬೇಟೆಗಾರರು ಹೊರಿಸುತ್ತಿದ್ದ ದೂರನ್ನು ಶಾಸನಕಾರನು ಧರ್ಮದ ಭಾಷೆಗೆ ತಂದಿದ್ದಾನೆಂದು ನಾವು ಊಹಿಸುತ್ತೇವೆ. ಈ ಊಹೆಯನ್ನು ಒಪ್ಪದವರು ಬೇರೊಂದು ಅರ್ಥವನ್ನು ಕೊಡಬೇಕು. ಲಿಪಿಕಾರನ ಹುಚ್ಚಾಟವೆಂದು ಬಿಡುವುದು ಉತ್ತರವಾಗಲಾರದು.

ನಾಯಿಯ ಋಣವನ್ನು ಒಪ್ಪಿಕೊಂಡ ಬೇರೆ ಆಚರಣೆಗಳೂ ನೆರೆಯಲ್ಲಿವೆ. ಕಣ್ಣೂರು ಜಿಲ್ಲೆಯ ಪರಶ್ಶಿನಿಕ್ಕಡವಿನ ಮುತ್ತಪ್ಪನು ಬೇಟೆಯ ದೈವ. ಅಲ್ಲಿ ನಾಯಿಗಳು ಪೂಜ್ಯ, ಅಂಗಳದಲ್ಲಿ ಅವಕ್ಕೆ ತಡೆಯಿಲ್ಲ. ತುಳುನಾಡಿನ ಪಂಜುರ್ಲಿಯಲ್ಲಿ ಹಂದಿಯೇ ದೈವ. ಬೆಳೆಯನ್ನು ಹಾಳುಮಾಡುವ ಪ್ರಾಣಿಯನ್ನು ಬೆನ್ನಟ್ಟುವ ಬದಲು ಅದರೊಡನೆ ಒಪ್ಪಂದ ಮಾಡಿಕೊಂಡು, ಬೆಳೆಯ ಕಾವಲಿಗೆ ಅದನ್ನೇ ನಿಲ್ಲಿಸಿದ ಜಾಣ್ಮೆ ಅಲ್ಲಿದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯ ಬಳಿಕ ಹಿಂದೆ ಬೇಟೆಗೆ ಹೋಗುತ್ತಿದ್ದರು. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ತಿರುವನಂತಪುರದ ಎಳನೀರುಕಾಯಿಯನ್ನೂ ಕೊಡಗಿನ ತೆಂಗಿನಕಾಯಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬೇಟೆ ನಿಂತ ಮೇಲೂ ಗುರಿಯಿಡುವ ಕೈ ಉಳಿಯುತ್ತದೆ, ಓಡುವ ಕಾಲು ಉಳಿಯುವುದಿಲ್ಲ ಎಂಬುದು ತಿಳಿಯುತ್ತದೆ. ಕಾಯಿಯನ್ನು ಬೆನ್ನಟ್ಟಬೇಕಾಗಿಲ್ಲ; ಆದ್ದರಿಂದ ಅದಕ್ಕೆ ನಾಯಿಯೂ ಬೇಡ.

ಆಧುನಿಕ ಕನ್ನಡದಲ್ಲಿ ಕುವೆಂಪು ಒಬ್ಬರು ಈ ಕಾಲಿನ ನೆನಪನ್ನು ಉಳಿಸಿದರು. ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಬೇಟೆಯೂ ನಾಯಿಗಳೂ ಮನೆಯ ಬದುಕಿನ ಅಂಗವಾಗಿವೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಗೆ ಊರವರು ಕೊಟ್ಟ ಹೆಸರೇ ನಾಯಿಗುತ್ತಿ. ಅವನ ಹುಲಿಯನು ಹಿಂಡಿನಲ್ಲಿ ಒಂದಾಗದೆ ಪಾತ್ರವಾಗಿ ನಿಲ್ಲುತ್ತದೆ. ಒಡೆಯನನ್ನು ನಾಯಿಯ ಹೆಸರಿನಿಂದ ಕರೆಯುವ ಕ್ರಮ ಮಣಲೆರನಿಗೆ ಮೆಚ್ಚಿಗೆಯಾಗುತ್ತಿತ್ತೆಂದು ಭಾವಿಸಲು ಅಡ್ಡಿಯಿಲ್ಲ. ವ್ಯತ್ಯಾಸವಿಷ್ಟೆ: ಮಣಲೆರನು ಸಾಮಂತ, ಗುತ್ತಿ ಹೊಲೆಯರ ಹುಡುಗ. ಕಾದಂಬರಿಯ ಸಾಮಾಜಿಕ ದೃಷ್ಟಿ ಈ ಸ್ಥಳಾಂತರದಲ್ಲಿದೆ.

ಕೇರಳಕ್ಕೆ ಮರಳೋಣ. ಇಂದು ಹಂದಿ ಮತ್ತೆ ಸೀಮೆ ದಾಟಿದೆ. ಅದರ ವ್ಯಾಜ್ಯ ಕೊಚ್ಚಿ ಮತ್ತು ತಿರುವನಂತಪುರಗಳನ್ನು ಮುಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದ ಮೇಲೆ ನಾಯಿಗಳೊಡನೆ ಹಳುವಿಗೆ ನುಗ್ಗುವುದು ಅಪರಾಧ. ಅದು ಹಾಗೆ ಇರುವುದೇ ಲೇಸು. ಸತ್ತ ನಾಯಿಗಳ ಲೆಕ್ಕವನ್ನು ಯಾವ ಊರೂ ಇಟ್ಟದ್ದಿಲ್ಲ. ಆದರೆ ಬೆಳೆ ಕಳೆದುಕೊಂಡ ರೈತರು ಮೊರೆಯಿಟ್ಟಾಗ ಕೊಚ್ಚಿಯ ಉಚ್ಚ ನ್ಯಾಯಾಲಯವು ಜುಲೈ 2021ರಲ್ಲಿ ಅರ್ಜಿದಾರರಿಗೆ ತಮ್ಮ ಜಮೀನಿನೊಳಗೆ ಬಂದ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವಂತೆ ಸೂಚಿಸಿತು. ಮೇ 2022ರಲ್ಲಿ ತಿರುವನಂತಪುರದ ಸಚಿವ ಸಂಪುಟವು ಅಂತಹ ಆದೇಶವನ್ನು ಹೊರಡಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಲು ತೀರ್ಮಾನಿಸಿತು. ವಿಷ, ಸ್ಫೋಟಕ, ವಿದ್ಯುತ್ತು ಕೂಡದು. ಕೊಂದ ಹಂದಿಯನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡಬೇಕು.

ಸಾಹಿತ್ಯದ ವಿದ್ಯಾರ್ಥಿಯ ಕಣ್ಣಿಗೆ ಈ ಆಡಳಿತದ ಮಾತುಗಳಲ್ಲಿ ಹಳೆಯ ಪ್ರಶ್ನೆಗಳೇ ಕಾಣುತ್ತವೆ. ಸೀಮೆ ಯಾವುದು? ಜಮೀನಿನ ಬೇಲಿ. ಹಂದಿ ಯಾರದು? ಎಣ್ಮೂರಿನದಲ್ಲ, ಪಂಜದ್ದಲ್ಲ, ಕಿರಾತನದಲ್ಲ, ಅರ್ಜುನನದಲ್ಲ. ಅದನ್ನು ಹಂಚಿಕೊಳ್ಳುವಂತಿಲ್ಲ, ಹೂಳಬೇಕು. ಪಾಲಿಲ್ಲದ ಕಡೆ ಜಗಳವಿಲ್ಲ ನಿಜ. ಪಾಲಿಲ್ಲದ ಕಡೆ ಋಣವೂ ಇಲ್ಲ. ಕಾಸರಗೋಡಿನ ಒಂದು ಅಡಕೆ ತೋಟದ ಅಂಗಳದಲ್ಲಿ ಪಂಜುರ್ಲಿಗೆ ಕೋಲ ನಡೆಯುತ್ತದೆ. ಅದೇ ಮನೆಯ ಯಜಮಾನನು ಹಂದಿಯ ಮೇಲೆ ಪಂಚಾಯತಿಗೆ ಅರ್ಜಿ ಬರೆಯಬಹುದು. ಇದನ್ನು ವಿರೋಧಾಭಾಸವೆಂದು ನಗುವವರು ಆತಕೂರಿನ ಕಲ್ಲನ್ನು ಓದಿದವರಲ್ಲ. ಕೊಲ್ಲುವುದೂ ಕೈಮುಗಿಯುವುದೂ ಒಂದೇ ಕಲ್ಲಿನ ಮೇಲೆ ಇದ್ದವು.

ಶಾಸನಾಭ್ಯಾಸಿಗಳ ಗಮನಕ್ಕೆ ಒಂದು ಸೂಚನೆಯನ್ನು ತರಬೇಕಾಗಿದೆ. ಕರ್ನಾಟಕದಲ್ಲಿ ಹಂದಿಯೊಡನೆ ಹೋರಾಡಿ ಸತ್ತವರ ವೀರಗಲ್ಲುಗಳು ಹಲವು ಕಡೆ ಇವೆ. ನಮ್ಮ ಸೂಚಿಗಳು ಅವನ್ನು ‘ಹಂದಿಬೇಟೆಯ ವೀರಗಲ್ಲು’ ಎಂದು ಗುರುತಿಸಿ ವೀರನ ಹೆಸರು, ಅರಸನ ಹೆಸರು, ತೇದಿ ಇವುಗಳನ್ನು ಕೊಡುತ್ತವೆ. ಶಿಲ್ಪದಲ್ಲಿ ನಾಯಿ ಇದೆಯೆ, ಎಷ್ಟಿವೆ, ಹಂದಿಯ ಮುಂದೆಯೋ ಹಿಂದೆಯೋ, ಕೊರಳಲ್ಲಿ ಪಟ್ಟಿ ಇದೆಯೆ, ಶಾಸನಪಾಠದಲ್ಲಿ ಅದಕ್ಕೆ ಹೆಸರಿದೆಯೆ ಎಂಬ ಅಂಕಣಗಳು ಅವುಗಳಲ್ಲಿ ಇರುವುದಿಲ್ಲ. ಮುಂದಿನ ಕ್ಷೇತ್ರಕಾರ್ಯದಲ್ಲಿ ಈ ಅಂಕಣಗಳನ್ನು ಸೇರಿಸಿಕೊಳ್ಳಬೇಕು. ಕಾಳಿಯ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ತಕ್ಕೋಲದ ಸಾಲುಗಳಿಗೆ ಮೊದಲು ಶಿಲ್ಪವನ್ನು ನೋಡಲಿ.